ಸೈಕಲ್ಲಿನ ಹಿಂದೆ ಓಡಿದವರು

"ಸುಳ್ಳು ಹೇಳ್ಬೇಡ ಅಪ್ಪ! ನನಗೆ ಸೈಕಲ್ ಕಲಿಸಿದ್ದು ಮಾವ. ಸೀಟು ಹಿಡ್ಕೊಂಡು ಹಿಂದೆ ಓಡ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ."

"ಸೈಕಲ್ ಹೊಡೆಯೋಳಿಗೆ ಬೆನ್ನಲ್ಲೂ ಕಣ್ಣಿತ್ತೇನೇ? ನೀನು ನೋಡಿರೋದು ಆಲ್ಬಮ್ಮು! ಓಡಿ ಓಡಿ ಮೊಣಕಾಲು ಸವೆಸಿಕೊಂಡೋನು ನಾನು!"

ಜಗಳಕ್ಕೆ ಕಾರಣ ಬಾಗಿಲಲ್ಲಿ ನಿಂತಿದ್ದ ಹೊಸ ಕಾರು. ಮಗಳು ತನ್ನ ದುಡಿಮೆಯಲ್ಲಿ ಕೊಂಡದ್ದು. ಮೊದಲ ಸವಾರಿಗೆ ಪಕ್ಕದ ಸೀಟು ಸೈಕಲ್ ಕಲಿಸಿದವರಿಗೇ ಎಂದು ಅವಳು ಅಂದದ್ದೇ ತಡ, ಫೋಟೋಗ್ರಾಫರಾದ ಅಪ್ಪ ಚಪ್ಪಲಿ ಮೆಟ್ಟಿದ್ದರು. ಆದರೆ ಅವಳು ಫೋನ್ ಹಚ್ಚಿದ್ದು ಸೋದರಮಾವನಿಗೆ.

ಕಲಿಸಿದ್ದು ಅಪ್ಪನೇ. ಬೆಳಗಾದರೆ ಗಾಣದೆತ್ತಿನ ಹಾಗೆ ಬೀದಿ ಸುತ್ತಿದ್ದರು. ಆದರೆ ಕಸುಬಿನ ಚಾಳಿ ನೋಡಿ. ಒಳ್ಳೆಯ ಬೆಳಕು ಬಿದ್ದ ಒಂದು ಬೆಳಿಗ್ಗೆ, "ಸ್ವಲ್ಪ ಹಿಡ್ಕೊಳಯ್ಯ" ಎಂದು ಸೀಟನ್ನು ಭಾವಮೈದುನನ ಕೈಗೆ ಕೊಟ್ಟು ಕ್ಯಾಮೆರಾ ಎತ್ತಿದ್ದರು. ಬಡಿಸಿದವನ ತಟ್ಟೆಯೇ ಖಾಲಿ ಅನ್ನುವಂತೆ, ಮನೆಯ ಆಲ್ಬಮ್ಮುಗಳಲ್ಲಿ ಎಲ್ಲರೂ ಇದ್ದರು, ಅವರೊಬ್ಬರನ್ನು ಬಿಟ್ಟು.

"ಏನ್ರೀ ನಿಮ್ಮ ರಂಪ?" ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. "ಇವಳು ಹುಟ್ಟಿದಾಗ ಮೊದಲು ಎತ್ಕೊಂಡಿದ್ದೂ ನನ್ನ ತಮ್ಮನೇ. ಫೋಟೋ ಇಲ್ವಾ?"

"ನಾನೇ ಎತ್ಕೊಂಡಿದ್ದೆ ಕಣೇ! ಫೋಟೋಗೋಸ್ಕರ ಅವನ ಕೈಗೆ ಕೊಟ್ಟೆ!"

ಸಾಕ್ಷಿಗೆಂದು ಎದುರುಮನೆಯ ನಿವೃತ್ತ ಕಂಡಕ್ಟರನ್ನು ಎಳೆದುತಂದರು. ಕರೆಯದಿದ್ದರೂ ಪಕ್ಕದ ಮನೆಯ ಟೈಲರಮ್ಮ ಹಿಂದೆಯೇ ಬಂದಳು. ಆಲ್ಬಮ್ಮು ಈ ಬೀದಿಯಲ್ಲಿ ಎಲ್ಲರೂ ತಿರುವಿಹಾಕಿದ್ದೇ.

"ಓಡ್ತಿದ್ದದ್ದು ಮಾವನೇ," ಕಂಡಕ್ಟರು ತೀರ್ಪು ಕೊಟ್ಟರು. "ನೀಲಿ ಅಂಗಿ."

"ರೀ, ನೀವು ಈ ಬೀದಿಗೆ ಬಂದದ್ದೇ ಆಮೇಲಲ್ವೇನ್ರೀ?" ಫೋಟೋಗ್ರಾಫರು ರೇಗಿದರು.

"ಹೌದಾ?" ಕಂಡಕ್ಟರು ತಲೆ ಕೆರೆದರು. "ಆದ್ರೂ ನೀಲಿ ಅಂಗಿ ಚೆನ್ನಾಗಿ ನೆನಪಿದೆ."

ಅಷ್ಟರಲ್ಲಿ ಭಾವಮೈದುನನೇ ಬಂದ. ಫೋಟೋಗ್ರಾಫರಿಗೆ ಹೋದ ಜೀವ ಬಂದಂತಾಯಿತು. ಸುಳ್ಳು ಹೇಳುವ ಆಸಾಮಿಯಲ್ಲ ಅವನು.

"ನೀನೇ ಹೇಳಪ್ಪ, ಯಾರು ಓಡಿದ್ದು?"

ಅವನು ಆಲ್ಬಮ್ಮಿನ ಫೋಟೋ ನೋಡಿ ಕಣ್ಣೊರೆಸಿಕೊಂಡ. "ಎಂಥ ಓಟ ಭಾವ! ದಿನಾ ಬೆಳಿಗ್ಗೆ ಓಡಿದ್ನಲ್ಲ, ಈಗಲೂ ಸೊಂಟ ಹಿಡ್ಕೊಳ್ಳತ್ತೆ."

ನಿಜಕ್ಕೂ ಸೊಂಟ ಹಿಡಿದುಕೊಂಡ. ಅವನ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಕಳ್ಳನಾದರೆ ಹಿಡಿಯಬಹುದು, ನಂಬಿ ಕೂತವನನ್ನು ಏನು ಮಾಡುವುದು?

ಫೋಟೋಗ್ರಾಫರಿಗೆ ಪಿತ್ತ ನೆತ್ತಿಗೇರಿತು. ಒಳಗೆ ನುಗ್ಗಿ, ಹಳೆಯ ಪೆಟ್ಟಿಗೆ ಬೋರಲು ಹಾಕಿ, ಆಲ್ಬಮ್ಮಿಗೆ ಅಂಟಿಸದೆ ಬಿಟ್ಟಿದ್ದ ಒಂದು ಫೋಟೋ ತಂದು ಮೇಜಿನ ಮೇಲೆ ಕುಕ್ಕಿದರು. ಅದೇ ಬೆಳಿಗ್ಗೆ, ಅದೇ ನೀಲಿ ಅಂಗಿ. ಸೀಟು ಬಿಟ್ಟ ಮಾವ ಹಿಂದೆ ಕೈಚೆಲ್ಲಿ ನಿಂತಿದ್ದಾನೆ. ಮುಂದೆ, ಸೈಕಲ್ಲಿನ ಚಕ್ರ ಚರಂಡಿಯೊಳಗೆ, ಮಗು ಗಾಳಿಯಲ್ಲಿ.

"ನೋಡ್ರೋ! ಕೆಡವಿದ್ದು ಇವನು! ಇದನ್ನ ತೆಗೆದದ್ದು ಯಾರು ಹಾಗಾದ್ರೆ? ನಾನು! ಅಲ್ಲೇ ಇದ್ದೆ, ಎರಡೇ ಮಾರು ದೂರದಲ್ಲಿ! ಮಗು ಬಾಯಿ ತೆರೆದು ಕಿರುಚ್ತಿರೋದು ನೋಡಿ, ಒಂದು ಹಲ್ಲಾದ್ರೂ ಮಸುಕಾಗಿದೆಯಾ?"

ಎಲ್ಲರೂ ಫೋಟೋದ ಮೇಲೆ ಬಗ್ಗಿದರು.

"ಅಂದ್ರೆ..." ಕಂಡಕ್ಟರು ಮೆಲ್ಲಗೆ ಕೇಳಿದರು, "ಮಗು ಬೀಳ್ತಿರೋವಾಗ ನೀವು ಫೋಟೋ ತೆಗೀತಿದ್ರಾ?"

ಟೈಲರಮ್ಮ ಲೊಚಗುಟ್ಟಿದಳು.

ಮಗಳು ಗಲ್ಲದ ಕೆಳಗಿನ ಹಳೆಯ ಗಾಯದ ಗುರುತು ಮುಟ್ಟಿಕೊಂಡಳು. ಫೋಟೋವನ್ನು ತುಂಬಾ ಹೊತ್ತು ನೋಡಿದಳು.

"ಈಗ ಎಲ್ಲ ನೆನಪಾಗ್ತಿದೆ," ಎಂದಳು. "ಹೌದಪ್ಪ, ನೀನು ಅಲ್ಲೇ ಇದ್ದೆ."

ಕೀಲಿ ತೆಗೆದುಕೊಂಡು ಹೊರನಡೆದಳು. ಮಾವ ಸೊಂಟ ಹಿಡಿದುಕೊಂಡೇ ಅವಳ ಹಿಂದೆ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಊಟದ ಹೊತ್ತು ಮೀರಿತು, ಬೀದಿ ದೀಪ ಹತ್ತಿತು. ಹೋದ ಕಾರು ಮಾತ್ರ ಮರಳಿ ಬರಲಿಲ್ಲ.