ಭಾವ ಆರಿಸಿ ತಂದ ಕನ್ನಡದ ಹುಡುಗಿ

ನಮ್ಮ ಭಾವ ಇಡೀ ಸ್ವೀಡನ್ನಿಗೇ ಕನ್ನಡ ಕಲಿಸಿಯಾರು, ತಾವು ಮಾತ್ರ ಸ್ವೀಡಿಶ್ ಕಲಿಯಲಾರರು! ಗೋಥೆನ್‌ಬರ್ಗಿನ ಟ್ರಾಮಿನಲ್ಲಿ "ಸ್ವಲ್ಪ ಸರೀರಿ" ಎನ್ನುತ್ತಾರೆ. ಆರಡಿ ಎತ್ತರದ ಜನ ತೆಪ್ಪಗೆ ಸರಿಯುತ್ತಾರೆ. ಆಫೀಸು ನಡೆಯುವುದು ಇಂಗ್ಲಿಷಿನಲ್ಲಿ. ಇನ್ನು ಸ್ವೀಡಿಶ್ ಯಾವ ಕರ್ಮಕ್ಕೆ?

ಫಜೀತಿ ಶುರುವಾದದ್ದು ನಾಲ್ಕು ವರ್ಷದ ಮಗಳಿಂದ. ಹಗಲೆಲ್ಲ ದಾಗಿಸ್ ಎಂಬ ಶಿಶುವಿಹಾರದಲ್ಲಿರುವ ಮಗು, ಅಪ್ಪನ ಕನ್ನಡಕ್ಕೆ ಸ್ವೀಡಿಶ್‌ನಲ್ಲಿ ಉತ್ತರ ಕೊಡತೊಡಗಿತು. ಅಪ್ಪ ಹೇಳಿದ್ದು ಅದಕ್ಕೆ ತಿಳಿಯುತ್ತಿತ್ತು. ಅದು ಹೇಳಿದ್ದು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಅಕ್ಕನಿಗೋ ಆಸ್ಪತ್ರೆಯ ಪಾಳಿ. ಸರಿ, ಮನೆಯಲ್ಲೇ ಇದ್ದು ಮಗು ನೋಡಿಕೊಳ್ಳುವ ಪರದೇಶದ ಹುಡುಗಿಯೊಬ್ಬಳನ್ನು, ಅಂದರೆ ಓ ಪೇರ್ ಒಬ್ಬಳನ್ನು, ಕರೆಸುವುದೆಂದಾಯಿತು.

ವಿಡಿಯೊ ಕರೆಯಲ್ಲಿ ಸಂದರ್ಶನ. ಹೆಣ್ಣು ನೋಡಲು ಬಂದಾಗ ಅಕ್ಕನಿಗೂ ಭಾವ ಇಷ್ಟು ಪ್ರಶ್ನೆ ಕೇಳಿರಲಿಲ್ಲ! ಅರ್ಜೆಂಟೀನಾದ ಹುಡುಗಿಯೊಬ್ಬಳು ಕೈಗೆ ಕಾಲುಚೀಲ ಹಾಕಿ ಮೊಲ ಮಾಡಿ ಕುಣಿಸಿದಳು. ಮಗು ನಕ್ಕು ನಕ್ಕು ಸೋಫಾದಿಂದ ಉರುಳಿತು.

"ಇವಳೇ ಇರ್ಲಿ ರೀ," ಎಂದಳು ಅಕ್ಕ.

"ಒಗ್ಗರಣೆ ಅಂದ್ರೇನು ಅಂತ್ಲೇ ಗೊತ್ತಿಲ್ಲ ಅವಳಿಗೆ!"

"ಬರ್ತಿರೋದು ಮಗು ನೋಡ್ಕೊಳ್ಳೋಕೆ, ಒಗ್ಗರಣೆ ಹಾಕೋಕಲ್ಲ."

"ಭಾಷೆ ಮುಖ್ಯ ಕಣೇ, ಭಾಷೆ!"

ಹಟ ಗೆದ್ದಿತು. ಹುಬ್ಬಳ್ಳಿಯ ಹುಡುಗಿಯೊಬ್ಬಳು ಬಂದಿಳಿದಳು. ತಿಂಗಳು ಬಿಟ್ಟು, ಸ್ವೀಡನ್ನಿನದೇ ಉಪ್ಸಾಲಾದಲ್ಲಿದ್ದು ಅಷ್ಟಿಷ್ಟು ಸ್ವೀಡಿಶ್ ಕಲಿತಿದ್ದ ನಾನು ಹೋಗಿ ನೋಡಿದರೆ, ಮಗು ಗುರು, ಅವಳು ಶಿಷ್ಯೆ, ಮನೆಯಿಡೀ ಸ್ವೀಡಿಶ್!

"ಅಲ್ಲಮ್ಮಾ, ಕನ್ನಡ ಮಾತಾಡ್ಲಿ ಅಂತಾನೇ ಅಲ್ವಾ ನಿನ್ನ ಕರೆಸಿದ್ದು?" ಎಂದು ಭಾವ ಗೋಗರೆದರು.

"ಕನ್ನಡ ನನಗ ಬರ್ತೈತಲ್ರೀ ಸರ! ನಾ ಬಂದಿದ್ದ ಸ್ವೀಡಿಶ್ ಕಲಿಯಾಕ್ರೀ!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಆದರೆ ಹುಡುಗಿ ಒಳ್ಳೆಯವಳು. ಬರಬರುತ್ತ, ಊಟಕ್ಕೆ ಕೂತಾಗ ಮಗುವಿನ ಮಾತನ್ನೆಲ್ಲ ಭಾವನಿಗೆ ಕನ್ನಡದಲ್ಲಿ ಹೇಳುವಳು. "ಇವತ್ತ ಯಾರೋ ದೂಡಿದ್ರಂತ್ರೀ ಪಾಪುನ್ನ."

"ಹೌದಾ? ಅತ್ತಳಾ?" ಎಂದು ಭಾವ ಕೇಳುತ್ತಿದ್ದುದೂ ಅವಳನ್ನೇ, ಮಗಳು ಪಕ್ಕದಲ್ಲೇ ಕೂತಿದ್ದರೂ.

"ಆ ಅರ್ಜೆಂಟೀನಾದವಳು ಬಂದಿದ್ರೆ, ಕನ್ನಡದಲ್ಲಿ ಹೇಳೋರಿಲ್ದೆ ನಾನೂ ಸ್ವೀಡಿಶ್ ಕಲೀತಿದ್ದೆನೋ ಏನೋ," ಎಂದರು ಒಮ್ಮೆ ನನ್ನೆದುರು. ಭಾವ ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವರ್ಷ ಮುಗಿದು ಹುಬ್ಬಳ್ಳಿಯವಳು ಹೊರಟ ದಿನ ನಾನೂ ಅಲ್ಲಿದ್ದೆ. ಬಾಗಿಲಲ್ಲಿ ಮಗು ಅವಳ ಕಾಲನ್ನು ತಬ್ಬಿ ಸ್ವೀಡಿಶ್‌ನಲ್ಲಿ ಏನೋ ಕೇಳಿತು. ಆ ಹುಡುಗಿ ಅದನ್ನು ಕನ್ನಡಕ್ಕೆ ತರಲಿಲ್ಲ. ಕಣ್ಣು ಒರೆಸಿಕೊಂಡಳು.

"ಏನಂತೆ?" ಭಾವ ನನ್ನತ್ತ ತಿರುಗಿದರು.

ಹೇಳದೆ ವಿಧಿಯಿರಲಿಲ್ಲ. "'ನೀನು ಹೋದ್ರೆ, ನಾನು ಹೇಳೋದನ್ನ ಅಪ್ಪನಿಗೆ ಯಾರು ಹೇಳ್ತಾರೆ' ಅಂತ ಕೇಳ್ತಿದಾಳೆ, ಭಾವ."

ನಮ್ಮ ಭಾವ ಚಪ್ಪಲಿಗಳ ನಡುವೆಯೇ ಮಗಳ ಮುಂದೆ ಮಂಡಿಯೂರಿ ಕೂತರು.

"ನಂಗೇ ಹೇಳು ಪುಟ್ಟಾ. ನಿಧಾನವಾಗಿ ಹೇಳು. ಅಪ್ಪ ಕಲೀತಾನೆ."

ಮಗು ಅವರ ಎರಡೂ ಕೆನ್ನೆ ಹಿಡಿದು, ತನಗಿಂತ ಚಿಕ್ಕವರಿಗೆ ಹೇಳಿಕೊಡುವಂತೆ, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳತೊಡಗಿತು.