ಅವರವರ ಮೂಗಿನ ನೇರಕ್ಕೆ

"ಇವತ್ತು ನನ್ನ ಬಾಯಿಗೆ ಒಂದು ಚಮಚ ಟೀ ಹಾಕಿಸೋ ಗಂಡು ಆ ಆಫೀಸಲ್ಲಿ ಹುಟ್ಟಿಲ್ಲ!" ಎಂದು ಮೂಗಣ್ಣ ಕನ್ನಡಿಗೆ ಸವಾಲು ಹಾಕಿದ.

ಟೀ ಪುಡಿ ಕಂಪನಿಯೊಂದರಲ್ಲಿ ರುಚಿ ನೋಡುವುದು ಆತನ ಕೆಲಸ. ಮೂಸಿ, ಸೊರ್ರೆಂದು ಹೀರಿ, ಉಗಿದು, ಪೊಟ್ಟಣದ ಮೇಲೆ ಎರಡು ಮಾತು ಗೀಚಿದರೆ ಅದೇ ತೀರ್ಪು. ಇಪ್ಪತ್ತೆರಡು ವರ್ಷದ ಈ ಕೆಲಸದಿಂದಲೇ ಆ ಅಡ್ಡಹೆಸರು ಅಂಟಿದ್ದು. ಆದರೆ ಮೂರು ವಾರದ ಹಿಂದೆ ಬಂದ ನೆಗಡಿ, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ಮೂಗು ಈಗ ಕನ್ನಡಕ ಕೂರುವುದಕ್ಕಷ್ಟೇ! ಇಷ್ಟು ದಿನ ಪುಡಿಯ ಬಣ್ಣ ನೋಡಿ ಅಂದಾಜಿನ ಮೇಲೆ ತೀರ್ಪು ಬರೆದು ದಿನ ದೂಡಿದ್ದ. ಇವತ್ತು ಮ್ಯಾನೇಜರ್ ಕಣ್ಣೆದುರಿಗೇ ನಲವತ್ತು ಬಟ್ಟಲು ಟೀ ರುಚಿ ನೋಡಬೇಕು. ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಹೆಂಡತಿಗೂ ಹೇಳಿರಲಿಲ್ಲ.

ಉಪಾಯ ರುಚಿ ಕೋಣೆಯ ಬಾಗಿಲ ಮೇಲೆಯೇ ಇತ್ತು: "ಸೆಂಟು ಹಾಕಿದವರಿಗೆ ಪ್ರವೇಶವಿಲ್ಲ."

ಕಪಾಟಿನಲ್ಲಿ ಕುದುರೆ ಸವಾರನ ಚಿತ್ರದ ದಪ್ಪ ಗಾಜಿನ ಬಾಟಲಿಯಿತ್ತು. ಒಂದು ತಲೆಮಾರಿನ ಗಂಡಸರೆಲ್ಲ ಕ್ಷೌರವಾದ ಮೇಲೆ ಕೆನ್ನೆಗೆ ಬಡಿದುಕೊಂಡ ಸೆಂಟು ಅದು. ಮೂಗಣ್ಣ ಕತ್ತು, ಕೆನ್ನೆ, ಕಾಲರಿಗೆಲ್ಲ ಧಾರಾಳವಾಗಿ ಸುರಿದುಕೊಂಡ. ಉರಿಯಲೇ ಇಲ್ಲ. 'ಹಳೇ ಮಾಲು, ಎಷ್ಟು ಮೃದು!' ಎಂದುಕೊಂಡ. ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡ.

ಆಫೀಸಿನಲ್ಲಿ ಬಾಟಲಿಯನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ಅಯ್ಯೋ, ಮರೆತು ಸೆಂಟ್ ಹಾಕ್ಕೊಂಡು ಬಂದ್ಬಿಟ್ಟೆ!"

ಗುಮಾಸ್ತ ಮೂಗು ಮುರಿದ. "ಇದಾ? ಥೂ, ಕ್ಷೌರದಂಗಡಿ ವಾಸನೆ ಕಣಯ್ಯಾ!"

"ಕ್ಷೌರದಂಗಡಿ ಅಲ್ಲ, ಮರದ ಪೆನ್ಸಿಲ್ ಕೆತ್ತಿದ ಹಾಗಿದೆ. ನಮ್ಮ ಲೆಕ್ಕದ ಮೇಷ್ಟ್ರು ಇದನ್ನೇ ಹಾಕ್ತಿದ್ರು. ನಂಗೆ ಈಗ್ಲೂ ಮಗ್ಗಿ ಮರೆತು ಹೋಗುತ್ತೆ ನೋಡಿ," ಎಂದಳು ಟೈಪಿಸ್ಟ್.

ಗೋದಾಮಿನ ಮೇಸ್ತ್ರಿ ಮಾತ್ರ ಹತ್ತಿರ ಬಂದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ. "ನಮ್ಮಪ್ಪನ ಕೋಟು," ಎಂದ. ಬಾಟಲಿಯನ್ನೊಮ್ಮೆ ಸವರಿ ಗೋದಾಮಿಗೆ ಹಿಂತಿರುಗಿದ.

ಮೂಗಣ್ಣ ಬಾಟಲಿಯ ಬಾಯಿಗೆ ಮೂಗಿಟ್ಟು ನೋಡಿದ. ಒಂದೇ ಬಾಟಲಿ! ಒಬ್ಬನಿಗೆ ಅಂಗಡಿ, ಒಬ್ಬಳಿಗೆ ಮೇಷ್ಟ್ರು, ಒಬ್ಬನಿಗೆ ಅಪ್ಪ. ಹಚ್ಚಿಕೊಂಡವನಿಗೆ ಮಾತ್ರ ಏನೇನೂ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಬಾಟಲಿ ನೋಡಿದವರೇ ಕರವಸ್ತ್ರಕ್ಕೆ ಕೈ ಹಾಕಿದರು. "ಏನ್ರೀ ಇದು ಮೂಗಣ್ಣ, ಮೆಟ್ಟಿಲ ಹತ್ರಾನೇ ತಲೆನೋವು ಬಂತು! ನಡೀರಿ, ನಡೀರಿ ಮನೆಗೆ!"

ಗೆದ್ದ ಮೂಗಣ್ಣ ಮಧ್ಯಾಹ್ನಕ್ಕೇ ಮನೆ ಸೇರಿದ. ಹೆಂಡತಿ ಅವನ ಕಾಲರನ್ನೇ ದಿಟ್ಟಿಸಿದಳು. ಕಂದು ಕಲೆ.

"ರೀ, ಇದೇನು ಮೈಮೇಲೆ ಟೀ?"

"ಟೀ ಎಲ್ಲಿ ಬಂತೇ? ಸೆಂಟು! ಇಡೀ ಆಫೀಸು ಮೂಗು ಮುಚ್ಕೊಳ್ತು!"

ಹೆಂಡತಿ ಸೆರಗು ಬಾಯಿಗೊತ್ತಿ ನಕ್ಕಳು. ನಕ್ಕು ನಕ್ಕು ಕುರ್ಚಿಯ ಮೇಲೆ ಕುಸಿದಳು. "ಕಪಾಟು ಒರೆಸುವಾಗ ಬಾಟಲಿ ಉರುಳಿ ಸೆಂಟೆಲ್ಲ ಚೆಲ್ಲಿ ಹೋಗಿ ಹತ್ತು ದಿನ ಆಯ್ತು. ಮೂರು ದಿನ ಮನೆಯೆಲ್ಲ ಘಮ್ ಅಂತಿತ್ತು. ನೀವು ಒಂದು ಮಾತೂ ಆಡ್ಲಿಲ್ಲ. ಮೂಗು ಕೈಕೊಟ್ಟಿದೆ ಅಂತ ಆಗ್ಲೇ ಗೊತ್ತಾಯ್ತು ನಂಗೆ. ಇದನ್ನ ಹಚ್ಕೊಂಡಾಗ್ಲಾದ್ರೂ ನೀವಾಗೇ ಬಾಯಿ ಬಿಡ್ತೀರಾ ನೋಡೋಣ ಅಂತ ಬಾಟಲಿ ತೊಳೆದು ನಿನ್ನೆ ಟೀ ಡಿಕಾಕ್ಷನ್ ತುಂಬಿಟ್ಟೆ. ಇನ್ನು ಸಾಕು. ನಾಳೆ ಡಾಕ್ಟರ ಹತ್ರ ಹೋಗೋಣ. ಮ್ಯಾನೇಜರಿಗೂ ಹೇಳಿಬಿಡಿ."

"ಕೆಲಸ ಹೋದ್ರೆ?"

"ಮೂಗು ಸರಿಯಿದ್ದವರೇ ಟೀ ಮೂಸಿ ಸೆಂಟು ಅಂದ್ರಲ್ಲ, ಅವರ ಕೆಲಸ ಹೋಯ್ತಾ?"

ಮೂಗಣ್ಣ ಕಾಲರಿನ ಕಲೆಯನ್ನು ಉಜ್ಜಿದ. ಎಲ್ಲರೂ ಅವರವರ ಮೂಗಿನ ನೇರಕ್ಕೆ ಮಾತಾಡಿದ್ದರು. ಬಾಟಲಿಯಲ್ಲಿ ಇಲ್ಲದ ಅಪ್ಪನನ್ನು ಮೇಸ್ತ್ರಿ ಎಲ್ಲಿಂದ ಎಳೆದುಕೊಂಡನೋ! ಕೊನೆಗೆ ಹಳೆಯ ಚಾಳಿ ಬಿಡದೆ ಕೇಳಿದ: "ಯಾವ ಪುಡಿ ಹಾಕಿದ್ದೆ?"

"ಆಫೀಸಿಂದ ನೀವೇ ತಂದು ಮೂಲೆಗೆ ಎಸೆದಿದ್ರಲ್ಲ, ಅದೇ. ಆಹಾ, ಎಂಥ ಪರಿಮಳ ಅಂತೀರಿ! ಪಕ್ಕದ ಮನೆಯವರು ಬಂದು ಕೇಳಿ ಹೋದ್ರು!"

ಒಳಗಿನಿಂದ ಪೊಟ್ಟಣ ತಂದು ಅವನ ಕೈಗಿಟ್ಟಳು. ಅದರ ಮೇಲೆ ಎರಡು ವಾರದ ಹಿಂದಿನ, ಅವನದೇ ದುಂಡು ಅಕ್ಷರ: "ವಾಸನೆಯೇ ಇಲ್ಲ. ನಿರುಪಯುಕ್ತ."

ಹೆಂಡತಿ ಬಗ್ಗಿ ಓದಿ ಕೇಳಿದಳು: "ಇದು ಪುಡಿ ಬಗ್ಗೆ ಬರೆದಿದ್ದಾ, ಮೂಗಿನ ಬಗ್ಗೆನಾ?"