ಕಿರೀಟ ಹಾಕಿಕೊಂಡ ಕೋತಿ

ಚಲಪತಿಯವರ ತಲೆಯಲ್ಲಿ ಹೆಸರುಗಳು ನಿಲ್ಲುವುದಿಲ್ಲ. ಹೋದ ವರ್ಷ ಮಂಚೇನಹಳ್ಳಿಯ ಕಚೇರಿಗೆ ಹೊಸ ಸಾಹೇಬರು ಬಂದಾಗ, ಹಳೆಯ ಸಾಹೇಬರ ಹೆಸರು ಹಿಡಿದು ಸ್ವಾಗತಿಸಿಬಿಟ್ಟಿದ್ದರು. ಅಂದಿನಿಂದ ಅವರ ವರ್ಗಾವಣೆ ಅರ್ಜಿ ಕಡತದಲ್ಲೇ ನಿದ್ದೆ ಹೊಡೆಯುತ್ತಿತ್ತು. ಶಿಡ್ಲಘಟ್ಟದ ಮನೆಯಿಂದ ದಿನಾ ಎರಡೆರಡು ಬಸ್ಸು ಹತ್ತಿಳಿಯುವ ಪಾಪದ ಮನುಷ್ಯ. ಊರಿನಲ್ಲೇ ಒಂದು ಕುರ್ಚಿ ಸಿಕ್ಕರೆ ಸಾಕಾಗಿತ್ತು.

ಇವತ್ತು ಮತ್ತೊಬ್ಬ ಸಾಹೇಬರು ಬರುತ್ತಿದ್ದರು, ಎಚ್. ತಿಮ್ಮರಾಯಪ್ಪ. ಸ್ವಾಗತ ಭಾಷಣ ಮತ್ತೆ ಚಲಪತಿಯವರದೇ. ಕಚೇರಿಯಲ್ಲಿ ಮೈಕಿಲ್ಲ, ಅಷ್ಟು ದೊಡ್ಡ ಗಂಟಲು ಬೇರೆ ಯಾರಿಗೂ ಇಲ್ಲ.

ಮನಶ್ಶಾಸ್ತ್ರ ಓದುವ ಮಗಳು ಹರಿಣಿ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಉಪಾಯ ಹೇಳಿಕೊಟ್ಟಳು. ಮಿದುಳಿನಲ್ಲಿ ನೆನಪೂ ಕಲ್ಪನೆಯೂ ಒಂದೇ ಒಲೆಯ ಮೇಲೆ ಬೇಯುತ್ತವಂತೆ.

“ಅಪ್ಪ, ಹೆಸರು ಉರು ಹೊಡಿಬೇಡ, ಚಿತ್ರ ಕಟ್ಕೋ. ತಿಮ್ಮ ಅಂದ್ರೆ ಕೋತಿ, ರಾಯ ಅಂದ್ರೆ ರಾಜ. ಕಿರೀಟ ಹಾಕ್ಕೊಂಡಿರೋ ಕೋತಿ. ಮರೆಯಕ್ಕಾಗುತ್ತಾ?”

ಆಗಲಿಲ್ಲ. ಆದರೆ ಚಲಪತಿಯವರ ಕಲ್ಪನೆ ಕಿರೀಟಕ್ಕೇ ನಿಲ್ಲಲೂ ಇಲ್ಲ. ಬಸ್ಸು ಚಿಕ್ಕಬಳ್ಳಾಪುರ ದಾಟುವಷ್ಟರಲ್ಲಿ ಕೋತಿಗೆ ರೇಷ್ಮೆ ಪಂಚೆ ಉಡಿಸಿದರು. ಬರಿಗೈಯಲ್ಲಿ ಕೂತರೆ ಚೆನ್ನಾಗಿರದು ಎಂದು ಒಂದು ಗದೆಯನ್ನೂ ಕೊಟ್ಟರು.

ಯಾವುದಕ್ಕೂ ಇರಲಿ, ಅಂಗೈಯಲ್ಲಿ ಬರೆದುಕೊಳ್ಳಿ ಎಂದವರು ಪಕ್ಕದ ಮೇಜಿನ ರಾಮಲಕ್ಷ್ಮಮ್ಮ. ಬರೆದುಕೊಂಡರು. ಹಾರ ಬಾಡದಿರಲೆಂದು ನೀರು ಚಿಮುಕಿಸಿದವರೂ ಆಕೆಯೇ. ಆ ಹಾರ ಹಿಡಿದದ್ದೇ ತಡ, ಅಕ್ಷರವೆಲ್ಲ ನೀಲಿ ನೀರಾಗಿ ಮೊಣಕೈಗೆ ಇಳಿಯಿತು.

ಸಾಹೇಬರು ಕೂತರು. ಚಲಪತಿಯವರು ಕಣ್ಣು ಮುಚ್ಚಿದರು. ಕೋತಿ ತಪ್ಪದೆ ಬಂತು, ಗದೆ ಹಿಡಿದೇ ಬಂತು.

“ಮಾನ್ಯ ಹನುಮಂತರಾಯಪ್ಪನವರ...”

ರಾಮಲಕ್ಷ್ಮಮ್ಮ ಹಣೆ ಚಚ್ಚಿಕೊಂಡದ್ದು ಕಂಡಿತು. ಚಲಪತಿಯವರು ಅಂಗೈ ನೋಡಿಕೊಂಡರು, ಬರೀ ನೀಲಿ ಕಲೆ. ನಿಜವಾದ ಹೆಸರು ಏನು ಮಾಡಿದರೂ ಬರುತ್ತಿಲ್ಲ.

“...ಸುಪುತ್ರರೇ,” ಎಂದುಬಿಟ್ಟರು.

ಸಾಹೇಬರು ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು.

“ನನ್ನ ಹೆಸರಿನ ಜೊತೆಗಿರೋ ಎಚ್ ಯಾರು ಅಂತ ಇಷ್ಟು ವರ್ಷದಲ್ಲಿ ಒಬ್ರೂ ಕೇಳಿರಲಿಲ್ಲ. ಇವರು ನಮ್ಮಪ್ಪನ ಹೆಸರು ತಿಳ್ಕೊಂಡು ಬಂದಿದಾರೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಇದೇ ಸಮಯವೆಂದು ರಾಮಲಕ್ಷ್ಮಮ್ಮ ವರ್ಗಾವಣೆ ಅರ್ಜಿಯನ್ನು ಸಾಹೇಬರ ಮುಂದಿಟ್ಟರು. ಚಲಪತಿಯವರಿಗೆ ಆಗಲೇ ಶಿಡ್ಲಘಟ್ಟದ ಕುರ್ಚಿಯಲ್ಲಿ ಕೂತಷ್ಟು ಸಂತೋಷವಾಯಿತು.

ಸಾಹೇಬರು ಓದಿ ನಕ್ಕರು, ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. “ಇಂಥ ಜ್ಞಾಪಕಶಕ್ತಿ ಇರೋರನ್ನ ಬಿಟ್ಕೊಡಕ್ಕಾಗುತ್ತಾ? ನಾನಿರೋವರ್ಗೂ ನೀವು ಇಲ್ಲೇ, ಚಲಪತಿ.”

ಸಂಜೆ ಎರಡನೇ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದಾಗ ಹರಿಣಿಯ ಫೋನು ಬಂತು. ಹೆಸರು ನೆನಪಿಗೆ ಬಂತಾ ಎಂದು ಕೇಳಿದಳು.

“ಬಂತು ಕಣಮ್ಮ, ಅವರಪ್ಪಂದು,” ಎಂದರು ಚಲಪತಿ. “ಈಗ ಅವರು ನನ್ನ ಮರೆಯೋ ಹಂಗೆ ಏನಾದ್ರೂ ಉಪಾಯ ಇದ್ರೆ ಹೇಳು.”